ಕಾರಿಗೂ ಬರುತ್ತದೆ ಅಜೀರ್ಣ!

ಗ್ಯಾಸ್ ಒಲೆಯ ಉರಿ ನೀಲಿಯಾಗಿದ್ದರೆ ನಮಗೆ ಸಮಾಧಾನ. ಅದೇ ಉರಿ ಹಳದಿಗೆ ತಿರುಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯತೊಡಗಿದರೆ ಏನು ಮಾಡುತ್ತೇವೆ? ಒಲೆಯನ್ನೇ ಗುಜರಿಗೆ ಹಾಕುತ್ತೇವೆಯೇ? ಇಲ್ಲವಲ್ಲ! ಬರ್ನರ್ ತೆಗೆದು, ತೂತುಗಳಲ್ಲಿ ಕಸ ಕಟ್ಟಿದೆಯೇ, ಗಾಳಿ ಸರಿಯಾಗಿ ಸೇರುತ್ತಿದೆಯೇ ಎಂದು ನೋಡುತ್ತೇವೆ. ಇಷ್ಟು ತಿಳಿದ ಹೆಂಗಸಿಗೆ ಕಾರಿನ ಇಂಜಿನ್ ಏಕೆ ಹೊಗೆ ಕಾರುತ್ತದೆ ಎನ್ನುವುದೂ ತಿಳಿಯುತ್ತದೆ. "ಕಾರಿನ ಉಸಾಬರಿ ನಮಗ್ಯಾಕಪ್ಪಾ, ಅದು ಗಂಡಸರ ವಿಷಯ" ಎಂದು ಪುಟ ಮಗುಚಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳೇ. ಹಾಗೆ ಅಂದುಕೊಂಡೇ ಕುಳಿತಿದ್ದರೆ ನಮ್ಮ ಮಾವನವರ ಕಾರು ಈ ಹೊತ್ತಿಗೆ ತೂಕದ ಲೆಕ್ಕದಲ್ಲಿ ಹೋಗಿಬಿಡುತ್ತಿತ್ತು.

ನಮ್ಮದು ಮೈಸೂರು. ಮಾವನವರು ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದು 1986ರಲ್ಲಿ ಊರಿಗೆ ಮರಳಿದವರು. ಬರುವಾಗ ಹಡಗಿನಲ್ಲಿ ಒಂದು ಕಾರನ್ನೂ ತಂದರು. 1983ರ ಮಾಡೆಲ್ ಮರ್ಸಿಡಿಸ್ ಬೆಂಜ್ 230ಇ. ಅತ್ತೆಯವರನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅದರಲ್ಲೇ, ನಾನು ಮದುವೆಯಾಗಿ ಮನೆ ತುಂಬಿಸಿಕೊಂಡು ಬಂದದ್ದೂ ಅದರಲ್ಲೇ. ಈಗ ಮಾವನವರಿಗೆ ಎಂಬತ್ತನಾಲ್ಕು. ಅವರು ಸ್ಟೀರಿಂಗ್ ಬಿಟ್ಟು ಹತ್ತು ವರ್ಷವಾಯಿತು. ಓಡಿಸುವವಳು ನಾನು. ಪ್ರತಿ ಸೋಮವಾರ ಅವರನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿಬರುವುದು ನನ್ನ ಪಾಲಿನ ಕೆಲಸ. ವಾರದಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ಹಾಕುವುದು ಆ ಒಂದು ದಿನ ಮಾತ್ರ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿಗೆ ಏನೋ ಆಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ಕಪ್ಪು ಹೊಗೆ. ಮಾರ್ಕೆಟ್ಟಿಗೆ ಹೋಗಿಬಂದರೆ ಸೀರೆಯೆಲ್ಲಾ ಪೆಟ್ರೋಲ್ ವಾಸನೆ. ಮಗಳು ಟ್ಯೂಷನ್ನಿಗೆ ಹೋಗುವಾಗ "ಅಮ್ಮಾ, ತಲೆ ಸುತ್ತುತ್ತೆ, ನಾನು ಬಸ್ಸಿಗೇ ಹೋಗ್ತೀನಿ" ಅನ್ನತೊಡಗಿದಳು. ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡುತ್ತಿದ್ದ ಕಾರು ಆರಕ್ಕೆ ಇಳಿಯಿತು. ಇದು ನನಗೆ ಹೇಗೆ ಗೊತ್ತಾಯಿತೆಂದರೆ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಪೆಟ್ರೋಲಿನ ಲೆಕ್ಕವನ್ನೂ ಬರೆದಿಡುವುದು ನನ್ನ ಅಭ್ಯಾಸ. ಈ ಪುಸ್ತಕದ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಅದೇ ವರ್ಷ ಎಫ್.ಸಿ. ಮಾಡಿಸುವುದಿತ್ತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸಬೇಕಲ್ಲ? ಎಮಿಷನ್ ಟೆಸ್ಟಿಗೆ ಹೋದೆವು. ಹಳೆಯ ಪೆಟ್ರೋಲ್ ಕಾರುಗಳಿಗೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3ರ ಒಳಗಿರಬೇಕು. ನಮ್ಮದು 7 ತೋರಿಸಿತು. ಟೆಸ್ಟಿನ ಹುಡುಗ ಮೂಗು ಮುಚ್ಚಿಕೊಂಡು ನಕ್ಕ. ನಮ್ಮವರು ಆ ರಾತ್ರಿ ಊಟಕ್ಕೆ ಕುಳಿತಾಗ, "ಸಾಕು ಕಣೇ, ಯಾರಾದರೂ ಕೇಳಿದರೆ ಕೊಟ್ಟುಬಿಡೋಣ. ಇಲ್ಲದಿದ್ದರೆ ಗುಜರಿ" ಅಂದರು. ಮಾವನವರು ಏನೂ ಹೇಳಲಿಲ್ಲ. ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಒಂದು ತಿರುಪು ತಿರುಗಿಸಿದ ಕಥೆ

ಮೊದಲು ಕಾರನ್ನು ತೋರಿಸಿದ್ದು ಒಂದು ದೊಡ್ಡ ಗ್ಯಾರೇಜಿನಲ್ಲಿ. ಹೆಸರು ಬೇಡ ಬಿಡಿ. ಅಲ್ಲಿಯ ಹುಡುಗನಿಗೆ ನಾನು, "ನೋಡಪ್ಪಾ, ಊರೊಳಗೆ ಓಡಿಸುವಾಗ ಹೊಗೆ ಬರುತ್ತೆ. ಆದರೆ ನಂಜನಗೂಡಿಗೆ ಹೋಗುವಾಗ ಅರ್ಧ ದಾರಿ ಕಳೆದಮೇಲೆ ಸರಿಹೋಗುತ್ತೆ" ಎಂದು ಹೇಳಹೊರಟೆ. ಆತ, "ಮೇಡಂ, ನಾನು ಸಾರ್ ಹತ್ರ ಮಾತಾಡ್ತೀನಿ" ಅಂದ. ನಮ್ಮವರೋ, ಆ ಕಾರನ್ನು ಓಡಿಸಿಯೇ ವರ್ಷವಾಗಿತ್ತು!

ಸಂಜೆ ಫೋನ್ ಬಂತು. ಮಿಕ್ಸ್ಚರ್ ಅಡ್ಜಸ್ಟ್ ಮಾಡಿದ್ದೇವೆ, ಸರಿಹೋಗಿದೆ ಅಂದರು. ಹೊಗೆ ಸ್ವಲ್ಪ ಕಡಿಮೆಯಾಗಿದ್ದು ನಿಜ. ಆದರೆ ಮರು ಸೋಮವಾರ ನಂಜನಗೂಡಿನ ದಾರಿಯಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದಮೇಲೆ, ಕಾರು ಎತ್ತಿನಗಾಡಿಯ ಹಾಗೆ ಎಳೆದಾಡತೊಡಗಿತು. ಮೊದಲು ಇಲ್ಲದ ಹೊಸ ರೋಗ! ಮತ್ತೆ ಗ್ಯಾರೇಜಿಗೆ ಒಯ್ದಾಗ, "ಫ್ಯೂಯೆಲ್ ಡಿಸ್ಟ್ರಿಬ್ಯೂಟರ್ರೇ ಹೋಗಿದೆ, ಹೊರದೇಶದಿಂದ ತರಿಸಬೇಕು" ಎಂದು ಒಂದು ಲೆಕ್ಕ ಹೇಳಿದರು. ಆ ದುಡ್ಡಿಗೆ ಮಗನ ಒಂದು ವರ್ಷದ ಕಾಲೇಜು ಫೀಸು ಕಟ್ಟಬಹುದಿತ್ತು.

ಆಗ ಮಾವನವರೇ ತಮ್ಮ ಹಳೆಯ ಡೈರಿ ಹುಡುಕಿ ಒಬ್ಬ ಮೇಸ್ತ್ರಿಯ ನಂಬರ್ ಕೊಟ್ಟರು. ಎಪ್ಪತ್ತು ದಾಟಿದ ಮನುಷ್ಯ. ಬೆಂಗಳೂರಿನಲ್ಲಿ ಇಂಜೆಕ್ಷನ್ ಪಂಪು ರಿಪೇರಿ ಮಾಡಿ ಕೈ ಪಳಗಿಸಿಕೊಂಡವರು. ಬಂದವರು ಬಾನೆಟ್ಟನ್ನೇ ಎತ್ತಲಿಲ್ಲ! ಕಾಫಿ ಕುಡಿದು, "ಓಡಿಸೋರು ಯಾರು?" ಎಂದರು. ನಾನು ಅಂದೆ. "ಹಾಗಾದರೆ ನೀವು ಹೇಳಿ ಅಮ್ಮಾ, ಶುರುವಿನಲ್ಲಿ ಹೇಗಿತ್ತು?" ಎಂದು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕುಳಿತರು.

ನಾನು ಹಾಲಿನ ಪುಸ್ತಕ ತಂದೆ. ಯಾವ ತಾರೀಖಿನಿಂದ ಮೈಲೇಜ್ ಇಳಿಯಿತು, ಯಾವ ದಿನ ಹೊಗೆ, ಯಾವ ದಿನ ಇಲ್ಲ, ಎಲ್ಲವನ್ನೂ ಓದಿದೆ. ಸೋಮವಾರಗಳಲ್ಲಿ ಮಾತ್ರ ಮೈಲೇಜ್ ಅಷ್ಟು ಕೆಟ್ಟಿರಲಿಲ್ಲ. ಅವರು ತಲೆಯಾಡಿಸುತ್ತಾ ಕೇಳಿ, "ಅರ್ಧ ರೋಗ ನೀವೇ ಕಂಡುಹಿಡಿದಿದ್ದೀರಿ" ಅಂದರು. ನನಗೆ ಕಣ್ಣು ತುಂಬಿ ಬಂತು ಅಂದರೆ ನಗಬೇಡಿ.

ಒಳಗೆ ನಡೆಯುವ ಅಡುಗೆ

ಮೇಸ್ತ್ರಿ ನನಗೆ ತಿಳಿಸಿಕೊಟ್ಟದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದರೆ ಅದಕ್ಕೆ 'ರಿಚ್' ಅನ್ನುತ್ತಾರೆ. ಹೆಸರು ಕೇಳಿ ಶ್ರೀಮಂತಿಕೆ ಎಂದುಕೊಳ್ಳಬೇಡಿ, ಇದು ತಿಂದದ್ದು ಅರಗದ ಅಜೀರ್ಣ. ಪೆಟ್ರೋಲ್ ಕಡಿಮೆಯಾದರೆ 'ಲೀನ್', ಅಂದರೆ ಉಪವಾಸ.

ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800 ಇವುಗಳಲ್ಲಿ ಗಾಳಿ-ಪೆಟ್ರೋಲ್ ಬೆರೆಸುತ್ತಿದ್ದದ್ದು ಕಾರ್ಬ್ಯುರೇಟರ್. ನಮ್ಮ ಕಾರಿನಲ್ಲಿ ಇರುವುದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆ. ಹೌದು, 1951ರಲ್ಲಿ ಶುರುವಾದ, ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಇತ್ತಲ್ಲ, 2008ರಲ್ಲಿ ಹೆಸರು ಬದಲಾಯಿಸಿಕೊಂಡಿತಲ್ಲ, ಅದೇ ಬಾಷ್! ಮೈಕೋದಲ್ಲಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗು ತಯಾರಾಗುತ್ತಿದ್ದವು. ಕೆ-ಜೆಟ್ರಾನಿಕ್ ಬಂದದ್ದು 1973ರಲ್ಲಿ, ಜರ್ಮನಿಯಲ್ಲಿ. 'ಕೆ' ಅಂದರೆ ಜರ್ಮನ್ ಭಾಷೆಯಲ್ಲಿ 'ಎಡೆಬಿಡದೆ' ಎನ್ನುವ ಪದದ ಮೊದಲಕ್ಷರವಂತೆ. ಪೋರ್ಷೆ, ವೋಲ್ವೋ, ಫೋಕ್ಸ್‌ವ್ಯಾಗನ್ ಕಾರುಗಳಲ್ಲೂ ಇದನ್ನು ಬಳಸಿದ್ದಾರೆ.

ಇದರಲ್ಲಿ ಕಂಪ್ಯೂಟರ್ ಇಲ್ಲ. ಇಂಜಿನ್ ಎಳೆದುಕೊಳ್ಳುವ ಗಾಳಿ ಒಂದು ತಟ್ಟೆಯನ್ನು ಎತ್ತುತ್ತದೆ. ಕುದಿಯುವ ಪಾತ್ರೆಯ ಮೇಲಿನ ಮುಚ್ಚಳವನ್ನು ಆವಿ ಎತ್ತುವುದಿಲ್ಲವೇ, ಹಾಗೆ. ತಟ್ಟೆ ಎಷ್ಟು ಏಳುತ್ತದೋ ಅಷ್ಟು ಪೆಟ್ರೋಲನ್ನು ಫ್ಯೂಯೆಲ್ ಡಿಸ್ಟ್ರಿಬ್ಯೂಟರ್ ನಾಲ್ಕೂ ಇಂಜೆಕ್ಟರಿಗೆ ಸಮನಾಗಿ ಹಂಚುತ್ತದೆ. ಪಂಕ್ತಿಯಲ್ಲಿ ಪಾಯಸ ಬಡಿಸಿದ ಹಾಗೆ!

ತಟ್ಟೆ ಸುಮ್ಮಸುಮ್ಮನೆ ಮೇಲೇಳದ ಹಾಗೆ ಎದುರಿನಿಂದ ಒಂದು ಒತ್ತಡ ಇರುತ್ತದೆ. ಅದನ್ನು ನೋಡಿಕೊಳ್ಳುವುದು ವಾರ್ಮಪ್ ರೆಗ್ಯುಲೇಟರ್ ಎಂಬ ಹಿಡಿಯಷ್ಟು ದೊಡ್ಡ ಡಬ್ಬಿ. ಇಂಜಿನ್ ತಣ್ಣಗಿದ್ದಾಗ ಅದು ಒತ್ತಡವನ್ನು ಕಡಿಮೆ ಮಾಡುತ್ತದೆ. ತಟ್ಟೆ ಸಲೀಸಾಗಿ ಏಳುತ್ತದೆ, ಪೆಟ್ರೋಲ್ ಹೆಚ್ಚು ಹೋಗುತ್ತದೆ. ಚಳಿಯಲ್ಲಿ ಒಲೆ ಹೊತ್ತಿಸಲು ಮೊದಲು ಸ್ವಲ್ಪ ಹೆಚ್ಚು ಸೀಮೆಎಣ್ಣೆ ಬೇಕಾಗುತ್ತಿತ್ತಲ್ಲ, ಹಾಗೆ. ಆ ಡಬ್ಬಿಯೊಳಗೆ ಕರೆಂಟಿನಿಂದ ಬಿಸಿಯಾಗುವ ಒಂದು ಸುರುಳಿ, ಬಿಸಿಯಾದರೆ ಬಾಗುವ ಒಂದು ಲೋಹದ ಪಟ್ಟಿ ಇವೆ. ಕೆಲವು ನಿಮಿಷದಲ್ಲಿ ಪಟ್ಟಿ ಬಾಗಿ, ಒತ್ತಡ ಏರಿ, ಪೆಟ್ರೋಲ್ ಹದಕ್ಕೆ ಬರುತ್ತದೆ. ಸುರುಳಿಗೆ ಕರೆಂಟ್ ಬರದಿದ್ದರೆ? ಇಂಜಿನ್ ಬಿಸಿಯಾದರೂ ಡಬ್ಬಿ ಮಾತ್ರ "ಇನ್ನೂ ಚಳಿ, ಇನ್ನೂ ಪೆಟ್ರೋಲ್ ಕೊಡು" ಎಂದುಕೊಂಡೇ ಕುಳಿತಿರುತ್ತದೆ!

ಸುಲಭದಿಂದ ಕಷ್ಟಕ್ಕೆ

ಮೇಸ್ತ್ರಿ ಮೊದಲು ಏರ್ ಫಿಲ್ಟರ್ ತೆಗೆದರು. ಧೂಳು ಕಟ್ಟಿದ್ದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ನಮ್ಮದು ಶುದ್ಧವಾಗಿತ್ತು. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಸಾಲಾಗಿ ಪೇಪರಿನ ಮೇಲೆ ಇಟ್ಟರು. ನಾಲ್ಕೂ ಕಾಡಿಗೆಯ ಹಾಗೆ ಕಪ್ಪು, ಒಣ ಮಸಿ. "ಒಂದೇ ಕಪ್ಪಾಗಿದ್ದರೆ ಆ ಒಂದು ಇಂಜೆಕ್ಟರನ್ನು ಅನುಮಾನಿಸಬೇಕು. ನಾಲ್ಕೂ ಒಂದೇ ಥರ ಇದ್ದರೆ ತಪ್ಪು ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ" ಅಂದರು. ಎಂಥ ಸರಳ ಮಾತು ನೋಡಿ! ಒಂದು ಇಡ್ಲಿ ಗಟ್ಟಿಯಾದರೆ ತಟ್ಟೆಯ ತಪ್ಪು, ಎಲ್ಲಾ ಗಟ್ಟಿಯಾದರೆ ಹಿಟ್ಟಿನ ತಪ್ಪು.

ಮುಂದಿನದು ಕೋಲ್ಡ್ ಸ್ಟಾರ್ಟ್ ವಾಲ್ವ್. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಕೆಲವು ಸೆಕೆಂಡು ಮಾತ್ರ ಪೆಟ್ರೋಲ್ ಸಿಂಪಡಿಸಿ ಸುಮ್ಮನಾಗಬೇಕಾದದ್ದು. ಅದು ತೊಟ್ಟಿಕ್ಕುತ್ತಿದ್ದರೂ ಹೊಗೆ ಬರುತ್ತದೆ. ಅದನ್ನು ಬಿಚ್ಚಿ, ನಾನು ಕೊಟ್ಟ ಉಪ್ಪಿನಕಾಯಿ ಬಾಟಲಿಯೊಳಗೆ ಮೂತಿ ಇಟ್ಟು, ಸ್ಟಾರ್ಟ್ ಮಾಡದೆ ಪೆಟ್ರೋಲ್ ಪಂಪನ್ನು ಮಾತ್ರ ಓಡಿಸಿದರು. ಒಂದು ಹನಿಯೂ ಬೀಳಲಿಲ್ಲ. ಹಾಗೆಯೇ ನಾಲ್ಕು ಬಾಟಲಿಯಲ್ಲಿ ನಾಲ್ಕು ಇಂಜೆಕ್ಟರ್ ಇಟ್ಟು, ತಟ್ಟೆಯನ್ನು ಕೈಯಿಂದ ಎತ್ತಿ ನೋಡಿದರು. ನಾಲ್ಕರಲ್ಲೂ ಒಂದೇ ಸಮ ತುಂಬಿತು. ತಟ್ಟೆ ಬಿಟ್ಟ ಕೂಡಲೇ ನಿಂತಿತು. "ನಿಮ್ಮ ಡಿಸ್ಟ್ರಿಬ್ಯೂಟರ್ ಗಟ್ಟಿಮುಟ್ಟಾಗಿದೆ ಡಾಕ್ಟರೇ" ಎಂದು ಮಾವನವರ ಕಡೆ ತಿರುಗಿ ಹೇಳಿದರು. ಮಾವನವರು ಕೋಲು ಊರಿಕೊಂಡು ಎದ್ದು ಹತ್ತಿರ ಬಂದು ನಿಂತರು.

ಕೊನೆಗೆ ಪ್ರೆಷರ್ ಗೇಜ್ ಹಾಕಿದರು. ಬೆಳಗಿನ ತಣ್ಣಗಿನ ಇಂಜಿನ್ನಿನಲ್ಲಿ ವಾರ್ಮಪ್ ರೆಗ್ಯುಲೇಟರಿನ ಒತ್ತಡ ಒಂದೂವರೆ ಬಾರ್ ಆಸುಪಾಸು ಇತ್ತು. "ಇದು ಸರಿ. ಈಗ ನೋಡ್ತಾ ಇರಿ, ಮೂರೂವರೆ ಹತ್ತಿರಕ್ಕೆ ಏರಬೇಕು" ಅಂದರು. ಐದು ನಿಮಿಷ, ಹತ್ತು ನಿಮಿಷ ಆಯಿತು. ಮುಳ್ಳು ಅಲುಗಲಿಲ್ಲ. ಡಬ್ಬಿಯ ಪ್ಲಗ್ ಎಳೆದು ಟೆಸ್ಟ್ ಲ್ಯಾಂಪ್ ಹಿಡಿದರು. ಬಲ್ಬು ಹತ್ತಲಿಲ್ಲ! ವೈರಿನ ಜಾಡು ಹಿಡಿದು ಹೋದರೆ ಕನೆಕ್ಟರಿನೊಳಗೆ ತಾಮ್ರ ಪೂರ್ತಿ ಹಸಿರು ಕಿಲುಬು. ನಾವು ಹುಣಸೆಹಣ್ಣು ಹಾಕಿ ಉಜ್ಜದ ತಾಮ್ರದ ಚೊಂಬಿನ ಹಾಗೆ. ಮಳೆಗಾಲದ ತೇವ ಮಾಡಿದ ಕೆಲಸ.

ಸೋಮವಾರದ ಗುಟ್ಟೂ ಆಗ ಬಯಲಾಯಿತು. ಆ ಡಬ್ಬಿಯನ್ನು ಇಂಜಿನ್ನಿನ ಮೈಗೇ ಕೂರಿಸಿದ್ದಾರೆ. ಕರೆಂಟ್ ಇಲ್ಲದಿದ್ದರೂ ನಂಜನಗೂಡಿನ ದಾರಿಯಲ್ಲಿ ಇಂಜಿನ್ನಿನ ಕಾವಿಗೇ ನಿಧಾನವಾಗಿ ಬಿಸಿಯಾಗಿ ಅದು ತನ್ನ ಕೆಲಸ ಮಾಡುತ್ತಿತ್ತು. ಊರೊಳಗಿನ ಹತ್ತು ನಿಮಿಷದ ಓಡಾಟದಲ್ಲಿ ಅಷ್ಟು ಕಾವು ಏರುತ್ತಿರಲಿಲ್ಲ. ಗ್ಯಾರೇಜಿನವರು ಕಾರಣ ಹುಡುಕದೆ ಮಿಕ್ಸ್ಚರಿನ ತಿರುಪು ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದ್ದರಿಂದ, ಡಬ್ಬಿ ಬಿಸಿಯಾದಮೇಲೆ ಇಂಜಿನ್ ಉಪವಾಸ ಬಿದ್ದು ಎಳೆದಾಡುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೀರು ಸುರಿದು, ಆಮೇಲೆ ಸಾರೇ ಸಪ್ಪೆ ಅಂದ ಹಾಗಾಯಿತು.

ಹೊಸ ಕನೆಕ್ಟರ್, ಒಂದು ಗಜ ವೈರು. ಗೇಜಿನ ಮುಳ್ಳು ನಮ್ಮ ಕಣ್ಣೆದುರೇ ಮೆಲ್ಲಗೆ ಮೇಲೇರಿತು. ಮುಟ್ಟಿ ಕೆಡಿಸಿದ್ದ ತಿರುಪನ್ನು, ಇಂಜಿನ್ ಪೂರ್ತಿ ಬಿಸಿಯಾದಮೇಲೆ ಹೊಗೆ ಅಳೆಯುವ ಯಂತ್ರ ಇಟ್ಟುಕೊಂಡೇ ಸರಿ ಮಾಡಿದರು. ಕೂದಲೆಳೆಯಷ್ಟು ತಿರುಗಿಸಿದರೂ ವ್ಯತ್ಯಾಸವಾಗುತ್ತದೆ, ಕಿವಿಯಲ್ಲಿ ಕೇಳಿ ಮಾಡುವ ಕೆಲಸವಲ್ಲವಂತೆ. ಇಂಜಿನ್ ಆಯಿಲನ್ನೂ ಬದಲಾಯಿಸಿದರು. ಉರಿಯದ ಪೆಟ್ರೋಲ್ ಆಯಿಲಿಗೆ ಇಳಿದು ಅದು ನೀರಾಗಿತ್ತು. ಹಾಗೇ ಬಿಟ್ಟಿದ್ದರೆ ಇಂಜಿನ್ನೇ ಸವೆಯುತ್ತಿತ್ತು. ಎಮಿಷನ್ ಟೆಸ್ಟಿನಲ್ಲಿ ಈ ಸಲ ಬಂದದ್ದು ಒಂದೂವರೆ. ಒಟ್ಟು ಖರ್ಚು ಒಂದು ಸಾಧಾರಣ ರೇಷ್ಮೆ ಸೀರೆಯಷ್ಟೂ ಆಗಲಿಲ್ಲ.

ನೀವು ನೆನಪಿಡಬೇಕಾದದ್ದು

ನಿಮ್ಮ ಮನೆಯಲ್ಲಿ ಹಳೆಯ ಕಾರು ಇರಲಿ, ಹೊಸದಿರಲಿ, ಈ ಕೆಲವು ಮಾತು ಉಪಯೋಗಕ್ಕೆ ಬಂದಾವು.

* ಹೊಗೆಯ ಬಣ್ಣ ನೋಡಿ. ಕಪ್ಪಾದರೆ ಪೆಟ್ರೋಲ್ ಹೆಚ್ಚು. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು.

* ಪೆಟ್ರೋಲ್ ಹಾಕಿಸಿದಾಗಲೆಲ್ಲಾ ಲೀಟರ್, ಕಿಲೋಮೀಟರ್, ತಾರೀಖು ಬರೆದಿಡಿ. ತೊಂದರೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಊರೊಳಗೋ ಹೆದ್ದಾರಿಯಲ್ಲೋ ಎಂದೂ ಬರೆಯಿರಿ. ಡಾಕ್ಟರಿಗೆ ಜ್ವರದ ಪಟ್ಟಿ ತೋರಿಸುವುದಿಲ್ಲವೇ?

* ಕಾರಣ ತಿಳಿಯುವ ಮೊದಲು ಮಿಕ್ಸ್ಚರ್ ತಿರುಪನ್ನು ಮುಟ್ಟಗೊಡಬೇಡಿ. ದೊಡ್ಡ ಭಾಗ ಬದಲಾಯಿಸಬೇಕೆಂದರೆ, "ಒತ್ತಡ ಅಳೆದಿರಾ? ಎಷ್ಟು ಬಂತು?" ಎಂದು ಕೇಳಿ. ಅಂಕಿ ಹೇಳದವರಿಗೆ ದುಡ್ಡು ಕೊಡಬೇಡಿ. ಒಂದೊಂದು ಮಾಡೆಲ್ಲಿಗೆ ಅಂಕಿ ಸ್ವಲ್ಪ ಬೇರೆಯಿರುತ್ತದೆ, ಆ ಕಾರಿನ ಪುಸ್ತಕದಲ್ಲೇ ನೋಡಬೇಕು.

* "ಎಲ್ಲಾ ಈಗಿನ ಎಥನಾಲ್ ಪೆಟ್ರೋಲಿನ ಕಾಟ" ಎಂದು ನೆರೆಯವರು ಹೇಳಿದರು. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬಂದಿರುವುದು ನಿಜ. ಆದರೆ ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದು ಮಿಶ್ರಣವನ್ನು ಲೀನ್ ಮಾಡುತ್ತದೆಯೇ ಹೊರತು ರಿಚ್ ಮಾಡುವುದಿಲ್ಲ. ಕಪ್ಪು ಹೊಗೆಗೆ ಅದು ಕಾರಣವಲ್ಲ. ಹಳೆಯ ರಬ್ಬರ್ ಪೈಪುಗಳನ್ನು ಅದು ಕೆಡಿಸಬಹುದು. ಪೈಪು ಬಿರುಕು ಬಿಟ್ಟಿದ್ದರೆ ತಡಮಾಡದೆ ಬದಲಾಯಿಸಿ.

* ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ ಓಡಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತ ಆಮ್ಲಜನಕ ಹೊರದಂತೆ ಅದು ಅಡ್ಡಿ ಮಾಡುತ್ತದೆ. ಕಾರಿನಲ್ಲಿ ಕುಳಿತಾಗ ಮಕ್ಕಳು ತಲೆನೋವು, ವಾಕರಿಕೆ ಎಂದರೆ "ನಾಟಕ" ಎಂದು ಗದರಿಸಬೇಡಿ. ನಾನು ಒಂದು ದಿನ ಗದರಿಸಿದ್ದೆ. ಇಂದಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

* ಬಾಟಲಿಯಲ್ಲಿ ಪೆಟ್ರೋಲ್ ಹಿಡಿಯುವ ಪರೀಕ್ಷೆಯನ್ನು ನೀವೇ ಮಾಡಹೋಗಬೇಡಿ. ಮೇಸ್ತ್ರಿ ಅದನ್ನು ಮಾಡಿದ್ದು ಬಯಲಿನಲ್ಲಿ, ಕಾಯಿಲ್ ವೈರ್ ಕಿತ್ತಿಟ್ಟು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡು. ನೀವು ನಿಂತು ನೋಡಿ, ಪ್ರಶ್ನೆ ಕೇಳಿ, ಸಾಕು.

ಎಫ್.ಸಿ. ಆಯಿತು. ನಮ್ಮವರು ಗುಜರಿಯ ಮಾತು ಮತ್ತೆ ಎತ್ತಿಲ್ಲ. ಎತ್ತುವುದು ಬಿಡಿ, ಈಗ ಆಫೀಸಿನ ಸ್ನೇಹಿತರಿಗೆ ವಾರ್ಮಪ್ ರೆಗ್ಯುಲೇಟರ್ ಬಗ್ಗೆ ತಾವೇ ಕಂಡುಹಿಡಿದ ಹಾಗೆ ಹೇಳುತ್ತಾರೆ! ಹೇಳಿಕೊಳ್ಳಲಿ ಬಿಡಿ.

ರಿಪೇರಿಯಾದ ಮೊದಲ ಸೋಮವಾರ ಮಾವನವರು ಬೆಳಿಗ್ಗೆ ಏಳಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಕಾರು ಸ್ಟಾರ್ಟ್ ಮಾಡಿದೆ. ಅವರು ನಿಧಾನವಾಗಿ ಹಿಂಬದಿಗೆ ಹೋಗಿ, ಹೊಗೆ ಕೊಳವೆಯ ಹತ್ತಿರ ಬಗ್ಗಿ ನೋಡಿ, ಬಂದು ನನ್ನ ಪಕ್ಕದ ಸೀಟಿನಲ್ಲಿ ಕುಳಿತರು. "ಏನಮ್ಮಾ, ಆ ಹಾಲಿನ ಪುಸ್ತಕ ತಂದಿದ್ದೀಯಾ?" ಎಂದರು. ತಂದಿದ್ದೆ. ಆವತ್ತಿನ ಲೆಕ್ಕವನ್ನು ಅವರೇ ತಮ್ಮ ನಡುಗುವ ಕೈಯಿಂದ ಬರೆದರು: ಲೀಟರಿಗೆ ಒಂಬತ್ತು.